ಇದ್ದೂ ಸಿಗದ ಕನ್ನಡಕ

ನಮ್ಮ ಕಚೇರಿಯಲ್ಲಿ ನನಗೆ ‘ಬ್ರೇಕ್’ ಎಂದು ಹೆಸರಿಟ್ಟವನು ರಾಕೆಟ್. ಅವನಿಗೆ ‘ರಾಕೆಟ್’ ಎಂದು ಹೆಸರಿಟ್ಟವಳು ನಾನು. ಅಲ್ಲಿಗಲ್ಲಿಗೆ ಸರಿಹೋಯಿತು. ಅವನಿಗೆ ಒಂದು ಕೆಲಸ ಹೇಳಿದರೆ, ಹೇಳುವ ಮಾತು ಮುಗಿಯುವ ಮೊದಲೇ ಬೆರಳುಗಳು ಕೀಬೋರ್ಡಿನ ಮೇಲೆ ಕುಣಿಯುತ್ತಿರುತ್ತವೆ. ನಾನೋ, ‘ತಡಿ, ಒಂದ್ಸಲ ನೋಡೋಣ’ ಎನ್ನದೆ ಯಾವುದಕ್ಕೂ ಕೈ ಹಾಕುವವಳಲ್ಲ. ಆಡಿಕೊಳ್ಳುವವರು ಆಡಿಕೊಳ್ಳಲಿ. ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು, ಅದರಲ್ಲಿ ನನ್ನನ್ನು ಮೀರಿಸುವವರನ್ನು ನಾನಿನ್ನೂ ಕಂಡಿಲ್ಲ. ಜಂಬ ಎನ್ನುವಿರಾ? ಹೌದು, ಜಂಬವೇ.

ನಮ್ಮದು ಕನ್ನಡಕದ ಉಗ್ರಾಣ. ಜನ ತಾವು ಬಳಸಿ ಬಿಟ್ಟ ಹಳೆಯ ಕನ್ನಡಕಗಳನ್ನು ಚೀಲದಲ್ಲಿ ತಂದು ಬಾಗಿಲ ಬಳಿಯ ತೊಟ್ಟಿಗೆ ಸುರಿದು ಹೋಗುತ್ತಾರೆ. ನಾವು ಅವನ್ನು ಸೋಪಿನ ನೀರಿನಲ್ಲಿ ತೊಳೆದು, ಯಂತ್ರದ ಕೆಳಗಿಟ್ಟು ಗಾಜಿನ ಪವರ್ ಅಳೆದು, ಒಂದೊಂದನ್ನೂ ಒಂದೊಂದು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಸೂರು ಮುಟ್ಟುವ ಕಬ್ಬಿಣದ ಕಪಾಟುಗಳಲ್ಲಿ ಜೋಡಿಸುತ್ತೇವೆ. ಪೆಟ್ಟಿಗೆಯ ಮೇಲೆ ಅದರ ಸಂಖ್ಯೆ, ಕಂಪ್ಯೂಟರಿನಲ್ಲಿ ಅದರ ಪವರ್. ಯಾರಾದರೂ ಬಂದು ತಮ್ಮ ಕಣ್ಣಿನ ನಂಬರ್ ಹೇಳಿದರೆ, ಹೊಂದುವುದನ್ನು ಹುಡುಕಿ, ಚಕ್ರದ ಏಣಿ ಹತ್ತಿ, ಬಿಟ್ಟಿಯಾಗಿ ತೆಗೆದುಕೊಡುತ್ತೇವೆ. ಯಾವ ಹುಡುಕಾಟಕ್ಕೂ ಸಿಗದೆ ಬಹುಕಾಲ ಬಿದ್ದುಕೊಂಡಿರುವ ಕನ್ನಡಕಗಳ ಪಟ್ಟಿಯನ್ನು ಕಂಪ್ಯೂಟರೇ ತೆಗೆಯುತ್ತದೆ. ಅವು ಕೆಂಪು ಕ್ರೇಟಿಗೆ ಬೀಳುತ್ತವೆ. ಕರಗಿಸುವ ಕಾರ್ಖಾನೆಯ ವ್ಯಾನ್ ಆಗಾಗ ಬಂದು ಕ್ರೇಟುಗಳನ್ನು ಹೊತ್ತೊಯ್ಯುತ್ತದೆ.

ಆ ಶುಕ್ರವಾರ ಬೆಳಿಗ್ಗೆ ನಾನು ಕೆಲಸಕ್ಕೆ ಬಂದಾಗ ನನ್ನ ಕೈಚೀಲದಲ್ಲಿ ಬಟ್ಟೆ ಸುತ್ತಿದ ಒಂದು ದೊಡ್ಡ ಕತ್ತರಿ ಇತ್ತು. ಅದು ನನ್ನ ಸೋದರತ್ತೆಯದು.

ಅತ್ತೆ ನನ್ನ ಅಪ್ಪನ ಅಕ್ಕ. ತಾಯಿಯಿಲ್ಲದ ನನ್ನನ್ನು ಬೈದು, ತಿದ್ದಿ, ಬೆಳೆಸಿದವಳು. ನಾಟಕ ಕಂಪನಿಯೊಂದರಲ್ಲಿ ವೇಷದ ಬಟ್ಟೆ ಕತ್ತರಿಸುವ ಮಾಸ್ಟರ್ ಅವಳು. ಹೊಲಿಯುವವರು ಬೇಕಾದಷ್ಟು ಮಂದಿ ಇದ್ದಾರೆ, ಆದರೆ ಆ ಉದ್ದನೆಯ ಮೇಜಿನ ಮುಂದೆ ಕತ್ತರಿ ಹಿಡಿದು ನಿಲ್ಲುವುದು ಅವಳೊಬ್ಬಳೇ. ಹೋದ ತಿಂಗಳು ಕನ್ನಡಕ ತೆಗೆದಿಟ್ಟದ್ದನ್ನು ಮರೆತು ಅದರ ಮೇಲೆಯೇ ಇಸ್ತ್ರಿಪೆಟ್ಟಿಗೆ ಇಟ್ಟುಬಿಟ್ಟಳು. ಅವಳ ಕಣ್ಣುಗಳೋ, ಬಲಗಣ್ಣು ಒಂದು ದಾರಿ ಹಿಡಿದರೆ ಎಡಗಣ್ಣು ಇನ್ನೊಂದು ದಾರಿ. ಅಂಥ ಗಾಜು ಅಂಗಡಿಯಲ್ಲಿ ಸಿದ್ಧವಿರುವುದಿಲ್ಲ, ಮಾಡಿಸಿ ತರಿಸಬೇಕು. ‘ಬರುತ್ತದೆ, ಬರುತ್ತದೆ’ ಎಂದು ಅಂಗಡಿಯವನು ರಾಗ ಎಳೆಯುತ್ತಲೇ ಇದ್ದ. ಅಲ್ಲಿಯವರೆಗೆ ಅತ್ತೆ ತನ್ನ ಓಬೀರಾಯನ ಕಾಲದ ಕನ್ನಡಕವೊಂದನ್ನು ಹುಡುಕಿ ಹಾಕಿಕೊಂಡಳು. “ನಂಗೇನೇ ಆಗಿರೋದು? ಚೆನ್ನಾಗೇ ಕಾಣ್ಸುತ್ತೆ” ಎಂದು ನನ್ನ ಬಾಯಿ ಮುಚ್ಚಿಸಿದಳು. ಅದನ್ನು ಸಾಬೀತು ಮಾಡುವುದಕ್ಕೋ ಏನೋ, ನನಗೊಂದು ನೀಲಿ ಅಂಗಿ ಬೇರೆ ಹೊಲಿದುಕೊಟ್ಟಳು.

ಆ ಅಂಗಿಯ ಎಡತೋಳು ಬಲತೋಳಿಗಿಂತ ಒಂದು ಬೆರಳು ಮೇಲಕ್ಕೆ ಕೂತಿತ್ತು. ನಾನು ಅದನ್ನು ಹಾಕಿಕೊಂಡೇ ಕಚೇರಿಗೆ ಬರುತ್ತಿದ್ದೆ. “ಅಕ್ಕ, ಭುಜ ಉಳುಕಿದೆಯಾ?” ಎಂದು ರಾಕೆಟ್ ಒಮ್ಮೆ ಕೇಳಿದ. “ಉಳುಕಿದ್ದು ನಿನ್ನ ನಾಲಿಗೆ” ಎಂದು ಸುಮ್ಮನಿರಿಸಿದೆ. ಅತ್ತೆಯ ಮುಂದೆ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಯಾರಿಗಾದರೂ ಮುಖಕ್ಕೆ ಹೊಡೆದಂತೆ ಮಾತಾಡುವ ನನಗೆ, ಅವಳ ಎದುರಿಗೆ ಅದೊಂದು ಮಾತು ಆಡುವುದಕ್ಕೆ ಆಗಲಿಲ್ಲ.

ಕಡೆಗೆ ಅವಳಿಗೆ ಕಾಣದಿರುವುದು ಅಲ್ಲಿ, ಕತ್ತರಿಸುವ ಮೇಜಿನ ಮೇಲೆಯೇ ಬಯಲಾಯಿತು. ರಾಜನ ಕೋಟಿನ ಮಖಮಲ್ಲನ್ನು ಅತ್ತೆ ಓರೆಯಾಗಿ ಕತ್ತರಿಸಿಬಿಟ್ಟಳು. ಕಂಪನಿಯ ಯಜಮಾನರು ಕೂಗಾಡಿದ್ದರೆ ಅವಳು ತಿರುಗಿ ಕೂಗಾಡುತ್ತಿದ್ದಳು. ಅವರು ಮೆತ್ತಗೆ, “ಸೋಮವಾರ ಹೊಸ ಮಾಸ್ಟರ್ ಬರ್ತಾರಮ್ಮ. ಅವತ್ತು ಬೆಳಿಗ್ಗೆ ನೀವು ಆ ಕೋಟು ಸರಿಯಾಗಿ ಕತ್ತರಿಸಿ ತೋರಿಸಿದ್ರೆ ಮೇಜು ನಿಮ್ದೇ. ಆಗ್ಲಿಲ್ಲಾಂದ್ರೆ ಗುಂಡಿ ಹಾಕೋ ಕಡೆ ಕೂತ್ಕೊಳಿ” ಎಂದರಂತೆ. ಗುರುವಾರ ಸಂಜೆ ಮನೆಗೆ ಬಂದವಳೇ ಅತ್ತೆ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಿಗಿಟ್ಟಳು.

“ಇದನ್ನ ಎಲ್ಲಿಗಾದ್ರೂ ತಗೊಂಡ್ಹೋಗು. ನನ್ನ ಕಣ್ಣೆದುರಿಗೆ ಇರೋದು ಬೇಡ.”

“ಅತ್ತೆ, ನಮ್ಮ ಉಗ್ರಾಣದಲ್ಲಿ ಹುಡುಕ್ತೀನಿ. ಅಲ್ಲಿ ಸಿಗದೇ ಇರೋ ನಂಬರ್ರೇ ಇಲ್ಲ.”

“ಕಂಡವರ ಕಣ್ಣಿಂದ ಉದುರಿದ್ದು ನಂಗ್ಯಾಕೇ?” ಎಂದಳು. ಆದರೆ ಆ ಮಾತಿನಲ್ಲಿ ಎಂದಿನ ಖಾರ ಇರಲಿಲ್ಲ. ಅವಳು ಬೈಯದ ಮನೆಯಲ್ಲಿ ನನಗೆ ಇದ್ದು ಅಭ್ಯಾಸವಿಲ್ಲ.

ಹಾಗಾಗಿ ಶುಕ್ರವಾರ ಕಚೇರಿಗೆ ಬಂದವಳು ಕುರ್ಚಿ ಎಳೆದುಕೊಂಡು ಮೊದಲು ಮಾಡಿದ ಕೆಲಸವೆಂದರೆ ಅತ್ತೆಯ ಕಣ್ಣಿನ ಚೀಟಿ ನೋಡಿ ನಂಬರ್ ಹಾಕಿ ಹುಡುಕಿದ್ದು. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ಸೊನ್ನೆ.

“ನೋಡಿದ್ರಾ ಸ್ಪೀಡು?” ಪಕ್ಕದ ಮೇಜಿನಿಂದ ರಾಕೆಟ್ ಹಿಗ್ಗಿದ. “ಮೊದ್ಲಾಗಿದ್ರೆ ನೀವು ಟೀ ಕುಡ್ದು ಬರಬೇಕಿತ್ತು.”

ಸ್ಪೀಡು ಅವನದೇ ಕೂಸು, ಸುಳ್ಳಲ್ಲ. ಕನ್ನಡಕವೆಂದರೆ ಎರಡು ಗಾಜು, ಒಂದೊಂದು ಗಾಜಿಗೂ ಹಲವು ಅಂಕಿ. ಅವೆಲ್ಲವನ್ನೂ ಒಟ್ಟುಗೂಡಿಸಿ ಒಂದೇ ಸಂಕೇತ ಮಾಡಿಕೊಡುವ ಪುಟ್ಟ ಲೆಕ್ಕವೊಂದನ್ನು ಅವನು ಬರೆದಿದ್ದ. ನಮ್ಮ ಭಾಷೆಯಲ್ಲಿ ಅದನ್ನು ಫಂಕ್ಷನ್ ಎನ್ನುತ್ತೇವೆ. ಆ ಫಂಕ್ಷನ್ ಕೊಡುವ ಉತ್ತರಗಳ ಮೇಲೆ ಇಂಡೆಕ್ಸ್ ಕಟ್ಟಿದ್ದ. ದಪ್ಪ ಪುಸ್ತಕದ ಕೊನೆಯಲ್ಲಿ ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಕೊಟ್ಟಿರುತ್ತಾರಲ್ಲ, ಇಂಡೆಕ್ಸ್ ಎಂದರೆ ಅದೇ. ಕಂಪ್ಯೂಟರ್ ಎಲ್ಲ ಕನ್ನಡಕಗಳನ್ನೂ ಓದಬೇಕಿಲ್ಲ. ಸಂಕೇತ ನೋಡುತ್ತದೆ, ನೇರ ಪೆಟ್ಟಿಗೆ ತೋರಿಸುತ್ತದೆ.

ಆದರೆ ಆ ಸೊನ್ನೆ ನನಗೆ ಹಿಡಿಸಲಿಲ್ಲ. ಯಂತ್ರ ‘ಇಲ್ಲ’ ಎಂದಾಗ ನಾನು ‘ಯಾಕಿಲ್ಲ’ ಎಂದು ಕೇಳದೆ ಬಿಡುವವಳಲ್ಲ. ಅತ್ತೆಯ ನಂಬರಿಗೆ ಹತ್ತಿರದ ಬೇರೆ ನಂಬರ್‌ಗಳನ್ನು ಹಾಕಿದೆ. ಒಂದೆರಡು ಸಿಕ್ಕವು. ತೀರ ಸಾಮಾನ್ಯವಾದ ನಂಬರ್ ಹಾಕಿದೆ, ಸಾಲುಸಾಲಾಗಿ ಬಂದವು. ಆ ಸಾಲನ್ನು ಮೇಲಿಂದ ಕೆಳಗೆ ಓದಿದೆ, ಮತ್ತೆ ಕೆಳಗಿಂದ ಮೇಲೆ ಓದಿದೆ. ಎಲ್ಲವೂ ಈಚೆಗೆ ಬಂದ ಪೆಟ್ಟಿಗೆಗಳು. ಹಳೆಯ ಕಪಾಟುಗಳ ಒಂದೇ ಒಂದು ಪೆಟ್ಟಿಗೆಯಿಲ್ಲ.

“ಏನೋ ರಾಕೆಟ್,” ಎಂದೆ, “ಹಳೇ ಪೆಟ್ಟಿಗೆಗಳೆಲ್ಲ ಎಲ್ಲಿ ಹಾಳಾಗಿ ಹೋದ್ವು?”

“ಎಲ್ಲಿ ಹೋಗ್ತವೆ? ಕಪಾಟಲ್ಲೇ ಇವೆ.”

“ಕಪಾಟಲ್ಲಿವೆ. ಹುಡುಕಿದ್ರೆ ಯಾಕೆ ಬರ್ತಿಲ್ಲ? ಈ ಫಂಕ್ಷನ್ನಿಗೆ ಏನ್ ಮಾಡಿದೆ? ನಿಜ ಹೇಳು.”

ಅವನು ಕುರ್ಚಿ ತಿರುಗಿಸಿಕೊಂಡ. ಮದುವೆಯಾಗಿ, ಗಡ್ಡ ಬಿಟ್ಟು, ಮನೆಯಲ್ಲಿ ಹೆಂಡತಿಯ ಹತ್ತಿರ ದಿನಾ ಬೈಸಿಕೊಳ್ಳುವ ಮನುಷ್ಯ. ಆದರೂ ನನ್ನ ದನಿ ಏರಿದರೆ ಶಾಲೆಯ ಹುಡುಗನಂತಾಗುತ್ತಾನೆ.

“ಏನೂ ಕೆಡಿಸಿಲ್ಲ ಅಕ್ಕ, ರಿಪೇರಿ ಮಾಡಿದೆ ಅಷ್ಟೆ. ನಮ್ಮ ಹಳೇ ಅಳತೆ ಯಂತ್ರ ನಂಬರನ್ನ ಪ್ಲಸ್‌ನಲ್ಲಿ ಬರೀತಿತ್ತು, ಹೊಸದು ಮೈನಸ್‌ನಲ್ಲಿ ಬರಿಯುತ್ತೆ. ಗಾಜು ಒಂದೇ, ಬರೆಯೋ ಕ್ರಮ ಎರಡು, ಕಣ್ಣಿನ ಡಾಕ್ಟರುಗಳೂ ಹೀಗೇ ಎರಡು ಥರ ಬರೀತಾರೆ. ನನ್ನ ಮೊದಲಿನ ಫಂಕ್ಷನ್ನು ಅವೆರಡನ್ನೂ ಬೇರೆ ಬೇರೆ ಅಂತ ತಿಳ್ಕೊಂತಿತ್ತು. ಅದಕ್ಕೇ ಪ್ಲಸ್ಸನ್ನೂ ಮೈನಸ್ಸಿಗೆ ತಿರುಗಿಸಿ ಒಂದೇ ಸಂಕೇತ ಬರೋ ಹಾಗೆ ತಿದ್ದಿದೆ. ನೀವಾಗ ರಜೆಯಲ್ಲಿದ್ರಿ.”

ತೆರೆದು ನೋಡಿದೆ. ಲೆಕ್ಕ ಅಚ್ಚುಕಟ್ಟಾಗಿತ್ತು. ಒಂದು ಚಿಹ್ನೆಯೂ ತಪ್ಪಿರಲಿಲ್ಲ.

“ಲೆಕ್ಕ ಸರಿಯಾಗಿದೆ,” ಎಂದೆ. ಅವನ ಮುಖ ಅರಳಿತು. “ಇಂಡೆಕ್ಸಿಗೆ ಏನ್ ಮಾಡಿದೆ?”

“ಇಂಡೆಕ್ಸಿಗೇನು? ಅದನ್ನ ಮುಟ್ಟೇ ಇಲ್ಲ. ಅದು ಇದ್ದ ಹಾಗೇ ಇದೆ.”

“ಅದೇ ಕಣೋ ರೋಗ!” ಎಂದು ಮೇಜು ಕುಟ್ಟಿದೆ. ಪೆನ್ನಿನ ಲೋಟ ಉರುಳಿತು. “ಇದ್ದ ಹಾಗೇ ಇದೆ!”

ಅವನು ಇಂಗು ತಿಂದ ಮಂಗನಂತೆ ನೋಡಿದ. ನಾನು ಉಸಿರು ಬಿಟ್ಟು, ನಿಧಾನವಾಗಿ ಹೇಳಿದೆ. ಬೈಯುವುದು ಬೇರೆ, ತಿಳಿಸಿ ಹೇಳುವುದು ಬೇರೆ. ಎರಡನ್ನೂ ಒಟ್ಟಿಗೆ ಮಾಡಿದರೆ ಎರಡೂ ಕೆಡುತ್ತವೆ.

“ಇಂಡೆಕ್ಸ್ ದಿನಾ ಕೂತ್ಕೊಂಡು ಹೊಸದಾಗಿ ಲೆಕ್ಕ ಮಾಡಲ್ಲ. ಕನ್ನಡಕ ಒಳಗೆ ಬಂದ ದಿನ ನಿನ್ನ ಫಂಕ್ಷನ್ನಿಗೆ ಒಂದ್ಸಲ ಕೇಳುತ್ತೆ. ಫಂಕ್ಷನ್ನು ಏನು ಹೇಳುತ್ತೋ ಅದನ್ನ ಇಟ್ಕೊಂಡು ಬಿಡುತ್ತೆ. ಹಳೇ ಕನ್ನಡಕಗಳೆಲ್ಲ ನಿನ್ನ ಹಳೇ ಲೆಕ್ಕದ ಸಂಕೇತದಲ್ಲೇ ಕೂತಿವೆ. ಈಗ ನಾನು ಹುಡುಕಿದ್ರೆ ಸಂಕೇತ ಹೊಸ ಲೆಕ್ಕದಲ್ಲಿ ಬರುತ್ತೆ. ಅಲ್ಲಿ ಹೋಗಿ ನೋಡಿದ್ರೆ ಹಳೇ ಕನ್ನಡಕ ಎಲ್ಲಿರುತ್ತೆ? ಅದು ಹಳೇ ಜಾಗದಲ್ಲಿದೆ.”

“ಆದ್ರೆ ನಾನು ಪರೀಕ್ಷೆ ಮಾಡಿದ್ದೆ ಅಕ್ಕ! ಪ್ಲಸ್‌ನಲ್ಲಿ ಒಂದು ಕನ್ನಡಕ ಸೇರಿಸಿ, ಮೈನಸ್‌ನಲ್ಲಿ ಹುಡುಕಿದೆ. ಟಕ್ಕಂತ ಸಿಕ್ತು.”

“ಸಿಗದೆ ಏನು? ಅದು ಹೊಸ ಲೆಕ್ಕದಲ್ಲಿ ಒಳಗೆ ಹೋಯ್ತು, ಹೊಸ ಲೆಕ್ಕದಲ್ಲೇ ಹೊರಗೆ ಬಂತು. ಮೊದಲೇ ಒಳಗಿದ್ದ ಒಂದನ್ನ ಹುಡುಕಿ ನೋಡಿದ್ಯಾ?”

ಅವನು ಉರುಳಿದ್ದ ಪೆನ್ನಿನ ಲೋಟವನ್ನು ಎತ್ತಿ ನಿಲ್ಲಿಸಿದ.

“ಮತ್ತೆ ಇಲ್ಲಿ ನೋಡು,” ಎಂದು ಫಂಕ್ಷನ್ನಿನ ತಲೆಯ ಮೇಲಿದ್ದ ಒಂದು ಪದಕ್ಕೆ ಬೆರಳಿಟ್ಟೆ. ಡಿಟರ್ಮಿನಿಸ್ಟಿಕ್. “ಇದೇನು ಅಲಂಕಾರಕ್ಕೆ ಬರ್ದಿರೋದಾ? ಇದು ಆಣೆ. ‘ಇವತ್ತು ಕೇಳಿದ್ರೂ ನಾಳೆ ಕೇಳಿದ್ರೂ ಇದೇ ಅಂಕಿಗೆ ಇದೇ ಉತ್ತರ ಕೊಡ್ತೀನಿ’ ಅಂತ ನೀನು ಡೇಟಾಬೇಸಿಗೆ ಕೊಟ್ಟ ಮಾತು. ಅದು ನಿನ್ನನ್ನ ಪರೀಕ್ಷೆ ಮಾಡಲ್ಲ, ಪಾಪ, ನಂಬಿಬಿಡುತ್ತೆ. ನೀನು ಆಮೇಲೆ ಲೆಕ್ಕ ಬದಲಾಯಿಸಿದೆ, ಅದಕ್ಕೆ ಹೇಳ್ಲೇ ಇಲ್ಲ.”

“ಒಂದು ಎರರ್ ಆದ್ರೂ ಬರಬಹುದಿತ್ತಲ್ಲ,” ಎಂದು ಗೊಣಗಿದ.

“ಬರಲ್ಲ. ಅದಕ್ಕೇ ಇದು ಕೆಟ್ಟದ್ದು. ಕೆಂಪು ಅಕ್ಷರದಲ್ಲಿ ಕೂಗಿದ್ರೆ ಯಾರಾದ್ರೂ ಓಡಿ ಬರ್ತಾರೆ. ಇದು ನಗುನಗ್ತಾ ಇಲ್ಲ ಅನ್ನುತ್ತೆ.”

ನಾನು ಅತ್ತೆಯ ನಂಬರನ್ನು ಮತ್ತೊಮ್ಮೆ ಹಾಕಿದೆ. ಈ ಸಲ, ಇಂಡೆಕ್ಸನ್ನು ಪಕ್ಕಕ್ಕಿಟ್ಟು ಮೊದಲ ಕನ್ನಡಕದಿಂದ ಕೊನೆಯದರವರೆಗೂ ಒಂದೊಂದನ್ನೂ ಓದಿ ಲೆಕ್ಕ ಹಾಕಿಕೊಂಡು ಬಾ ಎಂದು ಡೇಟಾಬೇಸಿಗೆ ಹೇಳಿದೆ. ಕಂಪ್ಯೂಟರಿನ ಫ್ಯಾನ್ ಗುಂಯ್ ಎನ್ನತೊಡಗಿತು. ಕಾಯುವುದು ನನಗೆ ಹೊಸದಲ್ಲ. ರಾಕೆಟ್ ಮಾತ್ರ ಕಾಲು ಕುಣಿಸುತ್ತ, ಉಗುರು ಕಚ್ಚುತ್ತ, ಕುರ್ಚಿಯಲ್ಲಿ ಕೂರಲಾರದೆ ನನ್ನ ಬೆನ್ನಹಿಂದೆ ಬಂದು ನಿಂತ.

ಒಂದು ಸಾಲು ಬಂತು. ಒಂದೇ ಒಂದು. ಹಳೆಯ ಯಂತ್ರ ಪ್ಲಸ್‌ನಲ್ಲಿ ಅಳೆದಿಟ್ಟ ಕನ್ನಡಕ. ಬಲಗಣ್ಣು ಅತ್ತೆಯ ಬಲಗಣ್ಣೇ. ಎಡಗಣ್ಣೂ ಅವಳದೇ. ಪೆಟ್ಟಿಗೆಯ ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡೆ. ಆಮೇಲೆ ಸಾಲಿನ ಕೊನೆಯ ಅಂಕಣ ನೋಡಿದೆ. ಪೆಟ್ಟಿಗೆ ಈಗ ಎಲ್ಲಿದೆ ಎಂದು ಹೇಳುವ ಅಂಕಣ ಅದು.

ಕೆಂಪು ಕ್ರೇಟ್.

ಆಗಷ್ಟೇ ನನಗೆ ಪೂರ್ತಿ ಹೊಳೆದದ್ದು. ಯಾವ ಹುಡುಕಾಟಕ್ಕೂ ಸಿಗದ ಕನ್ನಡಕ ಕ್ರೇಟಿಗೆ ಬೀಳುತ್ತದೆ. ಹಳೆಯವು ಯಾವ ಹುಡುಕಾಟಕ್ಕೂ ಸಿಗುವಂತಿರಲಿಲ್ಲ. ಹಾಗಾದರೆ ಅಷ್ಟೂ ಹಳೆಯವು ಒಂದೊಂದಾಗಿ ಕರಗುವುದಕ್ಕೆ ಹೊರಟಿವೆ. ಈಚೆಗೆ ಕೆಂಪು ಕ್ರೇಟುಗಳು ಬಾಗಿಲವರೆಗೂ ಬೆಳೆದಿದ್ದನ್ನು ನೋಡಿ, ‘ಜನರಿಗೆ ಹಳೇದು ಬೇಡವಾಗಿದೆ’ ಎಂದು ನಾವೇ ಮಾತಾಡಿಕೊಂಡಿದ್ದೆವು.

ಅಷ್ಟರಲ್ಲಿ ಹಿಂಬದಿಯ ಅಂಗಳದಲ್ಲಿ ವ್ಯಾನಿನ ಬಾಗಿಲು ಧಡಾರನೆ ಮುಚ್ಚಿದ ಸದ್ದಾಯಿತು.

“ಓಡೋ!” ಎಂದೆ. ಜೀವಮಾನದಲ್ಲಿ ಅವನಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು. “ವ್ಯಾನ್ ನಿಲ್ಸು, ಓಡು!”

ಎರಡನೆಯ ಸಲ ಹೇಳುವ ಹೊತ್ತಿಗೆ ಅವನು ಮೆಟ್ಟಿಲು ಇಳಿದಾಗಿತ್ತು. ನಾನು ಏದುಸಿರು ಬಿಡುತ್ತ ಅಂಗಳಕ್ಕೆ ಬಂದಾಗ ವ್ಯಾನ್ ಗೇಟಿನ ಅರ್ಧ ದಾಟಿತ್ತು. ಅದರ ಮೂತಿಯ ಮುಂದೆ ರಾಕೆಟ್ ಎರಡೂ ಕೈ ಅಗಲಿಸಿಕೊಂಡು ನಿಂತಿದ್ದ. ಒಂದು ಕಾಲಿನ ಚಪ್ಪಲಿ ಅಂಗಳದ ನಡುವೆ ಬಿದ್ದಿತ್ತು.

“ತಲೆ ಕೆಟ್ಟಿದೆಯೇನ್ರೀ ಇವ್ರಿಗೆ?” ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ಕೇಳಿದ. “ಗಾಡಿ ಕೆಳಗೆ ಬಂದು ಸಾಯೋಕೆ ನಂದೇ ಗಾಡಿ ಬೇಕಿತ್ತಾ?”

“ಅಣ್ಣ, ಕ್ರೇಟು ಇಳಿಸಬೇಕು.”

“ಈಗ ತಾನೇ ಏರಿಸಿದ್ದು! ಅಷ್ಟೂನಾ?”

“ಅಷ್ಟೂ.”

ಗಲಾಟೆ ಕೇಳಿ ದೊಡ್ಡಮ್ಮ ಹೊರಗೆ ಬಂದರು. ಉಗ್ರಾಣ ಕಟ್ಟಿದವರು ಅವರೇ. ಕಣ್ಣಿನ ಆಸ್ಪತ್ರೆಯಲ್ಲಿ ನರ್ಸಮ್ಮಂದಿರ ಮೇಲ್ವಿಚಾರಕಿಯಾಗಿದ್ದವರು, ನಿವೃತ್ತಿಯಾದರೂ ಗದರುವ ಅಭ್ಯಾಸ ಬಿಟ್ಟಿಲ್ಲ. ನಮಗೆಲ್ಲ ಅವರು ದೊಡ್ಡಮ್ಮ. ನಾನು ಏದುಸಿರಿನ ನಡುವೆಯೇ ಅತ್ತೆಯ ವಿಷಯ ಹೇಳಿದೆ, ಪೆಟ್ಟಿಗೆ ವ್ಯಾನಿನಲ್ಲಿದೆ ಎಂದೆ.

“ಅಲ್ಲಮ್ಮಾ,” ಎಂದರು, “ನಿನ್ನ ಅತ್ತೆ ಅಂದ್ರೆ ನಂಗೂ ಬೇಕಾದವಳೇ. ಆದ್ರೆ ಒಂದು ಕನ್ನಡಕಕ್ಕೋಸ್ಕರ ಇಡೀ ವ್ಯಾನ್ ಇಳಿಸೋದಾ? ಯಾರಿಗೂ ಬೇಡ ಅಂತ ಕಂಪ್ಯೂಟರ್ರೇ ಪಟ್ಟಿ ಕೊಟ್ಟಿದೆ.”

“ಒಂದು ಕನ್ನಡಕಕ್ಕಲ್ಲ ದೊಡ್ಡಮ್ಮ. ಇದರಲ್ಲಿರೋದು ಯಾರಿಗೂ ಬೇಡದ್ದಲ್ಲ. ಯಾರಿಗೂ ನಾವು ತೋರಿಸದೇ ಇದ್ದದ್ದು.”

ಅವರ ಹುಬ್ಬು ಗಂಟಿಕ್ಕಿತು. ಇಂಡೆಕ್ಸ್, ಫಂಕ್ಷನ್ ಎಂದರೆ ಅವರಿಗೆ ತಲೆಬುಡ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. “ಕಪಾಟು ಜೋಡಿಸೋ ಕ್ರಮ ಬದಲಾಯಿಸಿದ್ವಿ, ಕಪಾಟನ್ನ ಮಾತ್ರ ಮತ್ತೆ ಜೋಡಿಸ್ಲಿಲ್ಲ. ಹುಡುಕೋಕೆ ಹೋದವರು ಹೊಸ ಕ್ರಮದಲ್ಲಿ ಹುಡುಕಿ, ಇಲ್ಲ ಅಂತ ವಾಪಸ್ ಬಂದ್ರು. ಕಪಾಟಿನ ತುಂಬ ಮಾಲು ಇತ್ತು” ಎಂದೆ.

ದೊಡ್ಡಮ್ಮ ವ್ಯಾನಿನ ಕಡೆ ನೋಡಿದರು. ಅವರ ಮುಖದ ಬಿಗಿ ಕಳಚಿತು.

“ಹೋದ ವಾರ ಒಬ್ಬ ಬಡಗಿ ಬಂದಿದ್ದ,” ಎಂದರು ಮೆಲ್ಲಗೆ. “ಕಣ್ಣು ಕಾಣ್ದೆ ಬೆರಳು ಕುಯ್ಕೊಂಡಿದ್ದ. ನಾನೇ ಇಲ್ಲ ಅಂದೆ. ಕೈ ಮುಗಿದು ಹೋದ.” ಮರುಕ್ಷಣವೇ ಡ್ರೈವರ್ ಕಡೆ ತಿರುಗಿದರು. “ಏನ್ ನೋಡ್ತಾ ನಿಂತಿದ್ದೀಯಪ್ಪ? ಇಳಿಸು!”

ಇಳಿಸಿದೆವು. ಡ್ರೈವರ್ ಗೊಣಗುತ್ತಲೇ ಕೈ ಹಚ್ಚಿದ. ಅಂಗಳದ ಬಿಸಿಲಿನಲ್ಲಿ ಕ್ರೇಟುಗಳ ನಡುವೆ ಮಂಡಿಯೂರಿ ಪೆಟ್ಟಿಗೆಗಳ ಸಂಖ್ಯೆ ಓದುತ್ತ ಹೋದೆವು. ರಾಕೆಟ್ ಚಪ್ಪಲಿಯನ್ನೂ ಹಾಕಿಕೊಳ್ಳದೆ ಹುಡುಕುತ್ತಿದ್ದ. ಅಷ್ಟು ನಿಧಾನವಾಗಿ, ಒಂದನ್ನೂ ಬಿಡದೆ ಅವನು ಕೆಲಸ ಮಾಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅವನಿಗೇ ಸಿಕ್ಕಿತು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಕೈಗಿಟ್ಟ.

“ತಪ್ಪಾಯ್ತು ಅಕ್ಕ.”

“ನಿಂಗೆ ಬಯ್ಯೋದನ್ನೆಲ್ಲ ಆಮೇಲೆ ಇಟ್ಕೊಂಡಿದ್ದೀನಿ, ಹೆದರ್ಬೇಡ,” ಎಂದೆ. ಅವನ ಮುಖಕ್ಕೆ ಸ್ವಲ್ಪ ಜೀವ ಬಂತು.

ಮುಚ್ಚಳ ತೆಗೆದೆ. ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ. ಫ್ರೇಮು ಮಾತ್ರ, ಅಬ್ಬಬ್ಬಾ, ಗಿಳಿಹಸಿರು. ಎರಡು ತುದಿಯೂ ಚಿಟ್ಟೆಯ ರೆಕ್ಕೆಯ ಹಾಗೆ ಮೇಲಕ್ಕೆದ್ದಿದ್ದವು. ಯಾವ ಪುಣ್ಯಾತ್ಗಿತ್ತಿ ಅದನ್ನು ಧೈರ್ಯವಾಗಿ ಮುಖದ ಮೇಲೆ ಹೊತ್ತು ತಿರುಗಿದ್ದಳೋ. ದೊಡ್ಡಮ್ಮ ಅದನ್ನು ಒಳಗೆ ಒಯ್ದು ಹೊಸ ಯಂತ್ರದ ಕೆಳಗಿಟ್ಟು ಮತ್ತೆ ಅಳೆದರು. ಅತ್ತೆಯ ಚೀಟಿಯ ನಂಬರಿಗೆ ಅದು ಹೊಂದಿತು.

ರಾಕೆಟ್ ಮತ್ತೆ ತನ್ನ ಕುರ್ಚಿಗೆ ಹಾರಿದ. “ಈಗ್ಲೇ ಇಂಡೆಕ್ಸ್ ಹೊಸದಾಗಿ ಕಟ್ಟಿಬಿಡ್ತೀನಿ. ಒಂದೇ ಸಾಲಿನ ಕೆಲಸ.”

“ತಡಿ,” ಎಂದೆ.

“ಅಯ್ಯೋ, ಮತ್ತೆ ಬ್ರೇಕಾ?”

“ಹೂಂ, ಮತ್ತೆ ಬ್ರೇಕು. ಮೊದ್ಲು ಕ್ರೇಟಿಗೆ ಹಾಕೋ ಪಟ್ಟಿ ನಿಲ್ಸು, ಇನ್ನೊಂದು ಕನ್ನಡಕ ಹೋಗ್ಬಾರ್ದು. ಆಮೇಲೆ ಇಂಡೆಕ್ಸ್ ಕಟ್ಟು. ಕಟ್ಟಿದ್ಮೇಲೆ ಹಳೇದು ಒಂದಿಷ್ಟು, ಹೊಸದು ಒಂದಿಷ್ಟು ನಂಬರ್ ತಗೊಂಡು ಎರಡು ಥರ ಹುಡುಕು, ಇಂಡೆಕ್ಸ್ ಇಟ್ಕೊಂಡು ಒಂದ್ಸಲ, ಬಿಟ್ಟು ಒಂದ್ಸಲ. ಎರಡೂ ಉತ್ತರ ಒಂದೇ ಬಂದ್ರೆ ಮಾತ್ರ ಕೆಲಸ ಆಯ್ತು ಅನ್ನು.”

“ಸರಿ.”

“ಇನ್ಮುಂದೆ ಇಂಡೆಕ್ಸ್ ಕಟ್ಟಿರೋ ಫಂಕ್ಷನ್ನಿನ ಹೊಟ್ಟೆ ಕುಯ್ಯೋ ಹಾಗಿಲ್ಲ. ಲೆಕ್ಕ ಬದಲಾಗ್ಬೇಕಾ? ಹೊಸ ಫಂಕ್ಷನ್ ಬರಿ, ಹೊಸ ಹೆಸರಿಡು, ಅದಕ್ಕೆ ಹೊಸ ಇಂಡೆಕ್ಸ್ ಕಟ್ಟು. ಹಳೇದು, ಹೊಸದು ಎರಡೂ ಪಕ್ಕಪಕ್ಕ ಇರ್ಲಿ. ಹೊಸದು ಸರಿ ಅಂತ ಖಾತ್ರಿಯಾದ್ಮೇಲೆ ಹಳೇದನ್ನ ಕೈಬಿಡು.”

“ಎರಡೆರಡು ಇಟ್ಕೊಂಡ್ರೆ ಜಾಗ ತಿನ್ನುತ್ತೆ ಅಕ್ಕ.”

“ತಿನ್ನಲಿ. ನೀನು ಕಮ್ಮಿ ತಿನ್ನು.”

ಅವನು ನಕ್ಕ. ನನಗೂ ನಗು ಬಂತು. ಅವನನ್ನು ಕಂಡರೆ ನನಗೆ ಅಕ್ಕರೆಯೇ, ಆದರೆ ಅದನ್ನು ಅವನಿಗೆ ಹೇಳಿದರೆ ತಲೆಯ ಮೇಲೆ ಕೂರುತ್ತಾನೆ. ಬೆನ್ನಹಿಂದೆ ದೊಡ್ಡಮ್ಮ ಫೋನಿನಲ್ಲಿ ಯಾರಿಗೋ ಆ ಬಡಗಿಯ ವಿಳಾಸ ಕೇಳುತ್ತಿದ್ದರು. ಸಂಜೆಯವರೆಗೂ ಅವನ ಪಕ್ಕದಲ್ಲೇ ಕೂತು, ಎರಡೂ ಉತ್ತರ ಒಂದೇ ಬರುವುದನ್ನು ಕಣ್ಣಾರೆ ನೋಡಿಯೇ ನಾನು ಎದ್ದೆ.

ಮನೆಗೆ ಬಂದಾಗ ಅತ್ತೆ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿದ್ದಳು. ಮಡಿಲಲ್ಲಿ ಗುಂಡಿಗಳ ಡಬ್ಬಿ. ದೊಡ್ಡವು, ಚಿಕ್ಕವು ಎಂದು ಬೆರಳಿನಿಂದ ಮುಟ್ಟಿ ಬೇರೆ ಮಾಡುತ್ತಿದ್ದಳು. ಗುಂಡಿ ಹಾಕುವ ಕೆಲಸವನ್ನು ಈಗಿನಿಂದಲೇ ರೂಢಿ ಮಾಡಿಕೊಳ್ಳುತ್ತಿದ್ದಳೋ ಏನೋ.

“ಅತ್ತೆ, ಕಣ್ಣು ಮುಚ್ಕೋ.”

“ತೆರೆದ್ರೂ ಅಷ್ಟರಲ್ಲೇ ಇದೆ, ಹೇಳು.”

ಕನ್ನಡಕ ಕೈಗಿಟ್ಟೆ. ಬೆರಳಿನಿಂದ ತಡವಿದಳು, ಆ ರೆಕ್ಕೆಗಳನ್ನು ಮುಟ್ಟಿ ಮೂಗು ಮುರಿದಳು. “ಇದೇನೇ ಇದು, ಕೊಂಬು? ಯಾವ ಬಣ್ಣ?”

“ಕಪ್ಪು.”

“ಸುಳ್ಳು ಹೇಳ್ಬೇಡ. ನಿನ್ನ ದನೀಲೇ ಗೊತ್ತಾಗುತ್ತೆ.”

“ಹಸಿರು. ಹಾಕ್ಕೊಂಡು ನೋಡೇ ಮಾರಾಯ್ತಿ!”

ಹಾಕಿಕೊಂಡಳು. ಕಿಟಕಿಯ ಸರಳುಗಳನ್ನು ನೋಡಿದಳು, ಎದುರು ಮನೆಯ ಮಾಳಿಗೆಯ ಮೇಲೆ ಒಣಗಿದ್ದ ಬಟ್ಟೆ ನೋಡಿದಳು, ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಕಣ್ಣು ನನ್ನ ಮುಖದ ಮೇಲೆ ನಿಲ್ಲಲಿಲ್ಲ, ನೇರವಾಗಿ ಭುಜಕ್ಕೆ ಹೋಯಿತು.

“ಥೂ! ಯಾರೇ ಈ ತೋಳು ಕೂರಿಸಿದ್ದು? ಅವರ ಕೈಗಿಷ್ಟು ಬೆಂಕಿ ಹಾಕ!”

ಎಷ್ಟೋ ವಾರಗಳ ಮೇಲೆ ಅವಳ ಬಾಯಲ್ಲಿ ಅಂಥ ಬೈಗುಳ ಕೇಳಿದ್ದು. ಅವಳು ಎದ್ದು ಹತ್ತಿರ ಬಂದು, ತೋಳಿನ ಹೊಲಿಗೆಯನ್ನು ಬೆರಳಿನಿಂದ ಎತ್ತಿ, ಕೊನೆಯಲ್ಲಿ ಹಾಕಿದ್ದ ಪುಟ್ಟ ಅಡ್ಡ ಹೊಲಿಗೆಯನ್ನು ನೋಡಿದಳು. ಊರಿನಲ್ಲಿ ಆ ಹೊಲಿಗೆ ಹಾಕುವವರು ಒಬ್ಬರೇ. ಅವಳ ಕೈ ಅಲ್ಲೇ ನಿಂತಿತು.

“ಇದನ್ನೇ ಹಾಕ್ಕೊಂಡು ಆಫೀಸಿಗೆ ಹೋಗ್ತಿದ್ಯಾ?” ಎಂದಳು.

“ಹೂಂ.”

“ನಾಲ್ಕು ಜನರ ಮುಂದೆ?”

“ಹೂಂ ಅತ್ತೆ.”

“ಊರಿಗೆಲ್ಲ ಬಾಯಿ ಮಾಡ್ತೀಯ. ನಂಗೊಂದು ಮಾತು ಹೇಳಕ್ಕಾಗ್ಲಿಲ್ವೇನೇ ನಿಂಗೆ?”

ನನಗೆ ಆಗ ಅಳು ಬಂದುಬಿಟ್ಟಿತು. ದಿನವಿಡೀ ಗಟ್ಟಿಯಾಗಿ ನಿಂತಿದ್ದವಳು ಆ ಹಸಿರು ಕೊಂಬುಗಳ ಮುಂದೆ ಮಗುವಿನಂತೆ ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ಅದು ಅವಳ ಜಾಯಮಾನವೇ ಅಲ್ಲ. ನನ್ನ ಗಲ್ಲವನ್ನು ಒರಟಾಗಿ ಒರೆಸಿದಳು, ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಏರಿಸಿಕೊಂಡಳು.

“ಸಾಕು, ಅಂಗಿ ಬಿಚ್ಚು. ಎಲ್ಲಿ ನನ್ನ ಕತ್ತರಿ?”

ಚೀಲದಿಂದ ತೆಗೆದುಕೊಟ್ಟೆ. ಸುತ್ತಿದ್ದ ಬಟ್ಟೆ ಬಿಡಿಸಿ ಎಸೆದು, ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತ ಹೋದಳು. ಬಟ್ಟೆಯ ಒಂದು ಎಳೆಗೂ ತುದಿ ತಾಗಲಿಲ್ಲ. ನಾನು ಟವೆಲ್ ಹೊದ್ದುಕೊಂಡು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಸೀಮೆಸುಣ್ಣದಿಂದ ಗೆರೆ ಎಳೆದಳು. ಆ ಗೆರೆ ಎಷ್ಟು ನೇರವಾಗಿತ್ತೆಂದರೆ, ನೋಡಿ ಅವಳೇ ಒಮ್ಮೆ ನಕ್ಕಳು.

“ಆ ಹೊಸ ಮಾಸ್ಟರ್ ಬರ್ಲಿ ಸೋಮವಾರ,” ಎಂದಳು. “ಟೀ ಕುಡ್ಸಿ ಕಳಿಸ್ತೀನಿ.”

ತೋಳು ಮತ್ತೆ ಕೂರಿಸಿ, ನನಗೆ ಅಂಗಿ ತೊಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು. ಊಟಕ್ಕೆ ಕೂತಾಗಲೂ ಕತ್ತರಿಯನ್ನು ತನ್ನ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ನನಗೆ ವಾಪಸ್ ಕೊಡಲಿಲ್ಲ.